ರಂಗದ ಮೇಲಿನ ಮೆಲ್ದನಿ: ಕಲ್ಯಾಣದ ನಾಟಕಗಳಲ್ಲಿ ಬಸವಣ್ಣನವರ ಪಾತ್ರ

ನಾಟಕವು ಸಂಘರ್ಷದಿಂದ ಜೀವ ತಳೆಯುವ ಕಲೆ. ಎರಡು ಇಚ್ಛೆಗಳು ಎದುರುಬದುರಾಗಿ ನಿಂತು, ಒಂದು ಇನ್ನೊಂದನ್ನು ಮಣಿಸಲು ಹೊರಟಾಗಲೇ ಅಲ್ಲಿ ನಾಟಕ ಹುಟ್ಟುತ್ತದೆ. ಆದ್ದರಿಂದ ಕೋಪಿಷ್ಠನೂ ಹಟಮಾರಿಯೂ ಆದವನಿಗೆ ರಂಗಭೂಮಿ ಬೇಗನೆ ಒಲಿಯುತ್ತದೆ. ದುರ್ಯೋಧನ, ಕೀಚಕ, ಹಿರಣ್ಯಕಶಿಪುಗಳಂಥ ಪಾತ್ರಗಳು ಪ್ರವೇಶಮಾತ್ರದಿಂದಲೇ ರಂಗವನ್ನು ತುಂಬಿಬಿಡುತ್ತವೆ. ಸೌಮ್ಯಸ್ವಭಾವದವನೂ ಪರರ ನೋವಿಗೆ ಮಿಡಿಯುವವನೂ ಆದ ವ್ಯಕ್ತಿಯು ಅದೇ ರಂಗದ ಮೇಲೆ ಬಂದು ನಿಂತಾಗ ಅವನ ಸೌಮ್ಯತೆಯೇ ಅವನಿಗೆ ತೊಡಕಾಗುತ್ತದೆ. ಅವನು ಗದ್ದರಿಸಲಾರ, ತೊಡೆ ತಟ್ಟಲಾರ, ಖಡ್ಗ ಹಿರಿಯಲಾರ. ಹಾಗಿದ್ದೂ ಪ್ರೇಕ್ಷಕರ ಚಿತ್ತವನ್ನು ಅವನು ತನ್ನ ಕಡೆಗೆ ಸೆಳೆಯಬೇಕು. ಕನ್ನಡ ರಂಗಭೂಮಿಯಲ್ಲಿ ಈ ಕಠಿಣ ಪರೀಕ್ಷೆಗೆ ಮತ್ತೆ ಮತ್ತೆ ಒಳಗಾದ ಪಾತ್ರವೆಂದರೆ ಬಸವಣ್ಣನವರದು. ಆ ಪಾತ್ರದ ಚರಿತ್ರೆಯು ಒಂದು ಅರ್ಥದಲ್ಲಿ ಮೃದುತ್ವವನ್ನು ಕನ್ನಡನಾಡು ಯಾವ ಯಾವ ಕಾಲದಲ್ಲಿ ಹೇಗೆ ಹೇಗೆ ಕಂಡಿತೆಂಬುದರ ಚರಿತ್ರೆಯೂ ಆಗಿದೆ.

ಧಾರವಾಡ ಸೀಮೆಯ ಕುಂದಗೋಳ, ನವಲಗುಂದ, ಕಲಘಟಗಿ, ಅಣ್ಣಿಗೇರಿಗಳ ಸುತ್ತಣ ಹಳ್ಳಿಗಳು ನಾಟಕದ ಹುಚ್ಚಿಗೆ ಹೆಸರಾದವು. ಎರೆಭೂಮಿಯ ಸುಗ್ಗಿ ಮುಗಿದು, ಕಣ ಬರಿದಾಗಿ, ಊರ ಜಾತ್ರೆಯ ತೇರು ಸಾಗುವ ದಿನಗಳಲ್ಲಿ ಬಯಲಿನಲ್ಲಿ ರಂಗಮಂಟಪ ಏಳುತ್ತದೆ. ದೊಡ್ಡಾಟದಲ್ಲಿ ಕಿರೀಟ ಭುಜಕೀರ್ತಿಗಳನ್ನು ತೊಟ್ಟ ವೀರರು ಮದ್ದಳೆಯ ಗತ್ತಿಗೆ ಹೆಜ್ಜೆ ಹಾಕುತ್ತ ಬಂದು, ಸಾರಥಿಯ ಪ್ರಶ್ನೆಗೆ ಉತ್ತರವಾಗಿ ತಮ್ಮ ಬಿರುದು ಬಾವಲಿಗಳನ್ನು ತಾವೇ ಸಾರಿಕೊಳ್ಳುತ್ತಾರೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಬಯಲಿನ ಕೊನೆಯಂಚಿನಲ್ಲಿ ಕುಳಿತವನಿಗೂ ಮಾತು ಮುಟ್ಟಬೇಕಾಗಿದ್ದಿತು. ಗಟ್ಟಿಯಾದ ಕಂಠವೇ ನಟನ ಮೊದಲ ಬಂಡವಾಳವಾಯಿತು. ಇಂತಹ ರಂಗದಲ್ಲಿ ಮೆಲ್ದನಿಯವನಿಗೆ ಎಡೆಯೆಲ್ಲಿ? ಚರಿತ್ರೆಯನ್ನು ನೋಡಿದರೆ ಈ ಪ್ರಶ್ನೆಗೆ ದೊರೆತ ಮೊದಲ ಉತ್ತರ ಸಂಗೀತ, ಎರಡನೆಯದು ಸ್ತ್ರೀಪಾತ್ರ.

ಈ ಎರಡೂ ಉತ್ತರಗಳಿಗೆ ನಿದರ್ಶನವಾಗಿ ನಿಲ್ಲುವ ಕಲಾವಿದರೊಬ್ಬರ ಮನೆತನದ ಹೆಸರೇ ಸಂಶಿ. ಜಗತ್ತು ಅವರನ್ನು ಸವಾಯಿ ಗಂಧರ್ವರೆಂದು ಬಲ್ಲದು. ರಾಮಚಂದ್ರ ಕುಂದಗೋಳಕರ ಸಂಶಿ ಅವರು ೧೮೮೬ನೆಯ ಇಸವಿ ಜನವರಿ ೧೯ರಂದು, ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳದಲ್ಲಿ ಜನಿಸಿದರು. ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ಕರೀಂ ಖಾನರಲ್ಲಿ ಶಿಷ್ಯವೃತ್ತಿ ಮಾಡಿ, ಮುಂದೆ ಮರಾಠಿ ನಾಟಕ ಮಂಡಳಿಗಳನ್ನು ಸೇರಿ, ಸುಭದ್ರೆಯೇ ಮೊದಲಾದ ಸ್ತ್ರೀಪಾತ್ರಗಳಿಂದ ಕೀರ್ತಿವಂತರಾದರು. ಸಂಗೀತ ನಾಟಕಗಳ ಆ ಯುಗದಲ್ಲಿ ಕೋಮಲಭಾವಗಳೆಲ್ಲವೂ ಸ್ತ್ರೀಪಾತ್ರದಲ್ಲಿ ನೆಲೆಗೊಂಡಿದ್ದುವು. ಹಾಗೆ ನೋಡಿದರೆ ಆ ಪಾತ್ರವನ್ನು ಧರಿಸಿದ ಗಂಡಸು, ವೀರ ರೌದ್ರ ಪಾತ್ರಗಳ ನಡುವೆ ನಿಂತು, ಗಾಯನದ ಮೂಲಕವೇ ಸಭಾಂಗಣದ ಗದ್ದಲವನ್ನು ಅಡಗಿಸಬೇಕಾಗಿದ್ದಿತು. ಸವಾಯಿ ಗಂಧರ್ವರು ಕಾಲಾಂತರದಲ್ಲಿ ರಂಗಭೂಮಿಯನ್ನು ತೊರೆದು ಬೈಠಕ್ಕಿನ ಗಾಯಕರಾಗಿ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಫಿರೋಜ್ ದಸ್ತೂರರಂತಹ ಶಿಷ್ಯರನ್ನು ನಾಡಿಗೆ ನೀಡಿ, ೧೯೫೨ರಲ್ಲಿ ದಿವಂಗತರಾದರು. ಗದ್ದರಿಕೆಯನ್ನು ನಾದದಿಂದ ಗೆಲ್ಲಬಹುದೆಂಬ ರಂಗಸತ್ಯವನ್ನು ಈ ಪ್ರದೇಶವು ಅವರಂಥವರ ಜೀವನದಿಂದ ಕಲಿತುಕೊಂಡಿತೆನ್ನಬಹುದು.

ಇದೇ ಮಣ್ಣಿನ ಮತ್ತೊಂದು ನಿದರ್ಶನ ಮಲ್ಲಿಕಾರ್ಜುನ ಮನಸೂರರದು. ಧಾರವಾಡದ ಬಳಿಯ ಮನಸೂರಿನಲ್ಲಿ ೧೯೧೦ರಲ್ಲಿ ಜನಿಸಿದ ಅವರು ಎಳೆಯ ವಯಸ್ಸಿನಲ್ಲಿಯೇ ಅಣ್ಣ ಬಸವರಾಜ ಮನಸೂರರ ಹಿಂದೆ ವಾಮನರಾವ್ ಮಾಸ್ತರರ ನಾಟಕ ಕಂಪನಿಯನ್ನು ಸೇರಿ, ಧ್ರುವ ಪ್ರಹ್ಲಾದರಂಥ ಬಾಲಪಾತ್ರಗಳಲ್ಲಿ ಜನಮನವನ್ನು ಸೂರೆಗೊಂಡರು. ಪ್ರಹ್ಲಾದನ ಪಾತ್ರವೇ ರಾಕ್ಷಸರ ನಡುವಣ ಮೆಲ್ದನಿಯ ಪಾತ್ರ. ತಂದೆಯ ಆರ್ಭಟಕ್ಕೆ ಮಗನ ಉತ್ತರ ಹಾಡು. ಮುಂದೆ ಹಿಂದುಸ್ತಾನಿ ಸಂಗೀತದ ಶಿಖರವನ್ನೇರಿದ ಮನಸೂರರು ಶರಣರ ವಚನಗಳನ್ನು ರಾಗಗಳಲ್ಲಿ ಅಳವಡಿಸಿ ಹಾಡಿದಾಗ, ರಂಗದ ಮೇಲೆ ಕಲಿತ ಆ ಮೆಲ್ದನಿಗೆ ಅದಕ್ಕೆ ತಕ್ಕ ಮಾತೂ ದೊರೆತಂತಾಯಿತು.

ಸ್ತ್ರೀಪಾತ್ರದಲ್ಲಿಯೂ ಬಾಲಪಾತ್ರದಲ್ಲಿಯೂ ಆಶ್ರಯ ಪಡೆದಿದ್ದ ಮೃದುತ್ವವು ಪ್ರೌಢ ಪುರುಷನ ಪಾತ್ರದಲ್ಲಿ, ಅದೂ ಅಧಿಕಾರಸ್ಥಾನದಲ್ಲಿದ್ದ ಪುರುಷನ ಪಾತ್ರದಲ್ಲಿ, ಕಾಣಿಸಿಕೊಳ್ಳುವುದಕ್ಕೆ ಕಲ್ಯಾಣದ ಕಥೆ ರಂಗವನ್ನೇರಬೇಕಾಯಿತು. ಆ ಕಥೆಯ ಹಿನ್ನೆಲೆ ಕಠೋರವಾದುದು. ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ ಚಾಲುಕ್ಯರ ಪ್ರಭುತ್ವ ಕುಸಿದು, ಅವರ ಮಾಂಡಲಿಕನಾಗಿದ್ದ ಕಳಚುರಿ ಬಿಜ್ಜಳನು ಸಿಂಹಾಸನವನ್ನು ವಶಪಡಿಸಿಕೊಂಡನು. ಧಾರವಾಡ ಸೀಮೆಯೂ ಈ ಪಲ್ಲಟಕ್ಕೆ ಸಾಕ್ಷಿಯಾಯಿತು. ಕಳೆದುಹೋದ ರಾಜ್ಯವನ್ನು ಚಾಲುಕ್ಯ ನಾಲ್ಕನೆಯ ಸೋಮೇಶ್ವರನು ೧೧೮೩-೮೪ರ ಸುಮಾರಿಗೆ ಮರಳಿ ಪಡೆದಾಗ ಅಣ್ಣಿಗೇರಿಯು ಅವನ ನೆಲೆಯಾಗಿ ಮೆರೆಯಿತು. ಈ ಎರಡು ಘಟನೆಗಳ ನಡುವಣ ಅವಧಿಯೇ ದಂಡನಾಯಕರ, ಮಂಡಳೇಶ್ವರರ, ಒಳಸಂಚುಗಳ ಕಾಲ. ೧೧೬೭-೬೮ರ ಹೊತ್ತಿಗೆ ಬಿಜ್ಜಳನ ಅಧಿಕಾರವು ಅವನ ಮಗ ಸೋವಿದೇವನ ಕೈಗೆ ಹೋದುದನ್ನು ಶಾಸನಗಳು ತಿಳಿಸುತ್ತವೆ. ಇಂತಹ ಖಡ್ಗಜೀವಿಗಳ ಮಧ್ಯದಲ್ಲಿ ಭಂಡಾರದ ಹೊಣೆ ಹೊತ್ತು, ದಯೆಗೆ ಅಗ್ರಸ್ಥಾನ ಕೊಟ್ಟು, ಕಾಯಕಜೀವಿಗಳನ್ನು ಸಮಾನರೆಂದು ಕಂಡ ಮಹಾಪುರುಷರೊಬ್ಬರು ಬಾಳಿದರೆಂಬುದೇ ಮಹಾನಾಟಕಕ್ಕೆ ವಸ್ತುವಾಗಬಲ್ಲ ಸಂಗತಿ.

ಹಾಗಿದ್ದೂ ಈ ವಸ್ತು ರಂಗದಲ್ಲಿ ತನ್ನ ಪೂರ್ಣರೂಪವನ್ನು ತಳೆಯಲು ಬಹುಕಾಲ ಹಿಡಿಯಿತು. ಅದಕ್ಕೆ ಕಾರಣ ಕಥೆಯ ಆಕರಗಳಲ್ಲಿದೆ. ಹರಿಹರನ ಬಸವರಾಜದೇವರ ರಗಳೆಯು ಭಕ್ತನ ಅಂತರಂಗವನ್ನು ಅಪೂರ್ವವಾದ ಆಪ್ತತೆಯಿಂದ ಚಿತ್ರಿಸುತ್ತದೆಯಾದರೂ, ಅದರ ಉಪಲಬ್ಧ ಭಾಗವು ಕಲ್ಯಾಣದ ರಕ್ತಪಾತದವರೆಗೆ ಬರುವುದಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೂ ಅದನ್ನು ಅನುಸರಿಸಿ ೧೩೬೯ರಲ್ಲಿ ರಚಿತವಾದ ಭೀಮಕವಿಯ ಕನ್ನಡ ಬಸವಪುರಾಣವೂ ಆ ಭಾಗವನ್ನು ಹೇಳುತ್ತವೆ. ಶರಣರಿಗೆ ಕಣ್ಣು ಕೀಳುವ ಶಿಕ್ಷೆ, ಜಗದೇವ ಮೊದಲಾದವರಿಂದ ಬಿಜ್ಜಳನ ವಧೆ, ಬಸವಣ್ಣನವರು ಸಂಗಮಕ್ಕೆ ತೆರಳುವುದು ಎಲ್ಲವೂ ಅಲ್ಲಿ ಬರುತ್ತವೆ. ಆದರೆ ಪುರಾಣದ ದೃಷ್ಟಿಯಲ್ಲಿ ಬಸವಣ್ಣನವರು ಶಿವನ ಅಪ್ಪಣೆಯಿಂದ ಧರೆಗಿಳಿದ ವೃಷಭೇಂದ್ರರು. ಇಕ್ಕಟ್ಟು ಒದಗಿದಾಗಲೆಲ್ಲ ಪವಾಡವೊಂದು ನಡೆದು ವೈರಿಗಳು ತಲೆ ತಗ್ಗಿಸುತ್ತಾರೆ. ಭಕ್ತನಿಗೆ ಇದರಿಂದ ಆನಂದವುಂಟಾಗುವುದು ಸಹಜ. ನಾಟಕದ ದೃಷ್ಟಿಯಿಂದ ನೋಡಿದರೆ, ದೈವಬಲ ಬೆನ್ನಿಗಿರುವವನ ಸೌಮ್ಯತೆಗೆ ಪರೀಕ್ಷೆಯೇ ಒದಗುವುದಿಲ್ಲ. ಸೋಲಬಹುದಾದ ಸಂಭವವಿದ್ದಾಗ ಮಾತ್ರ ಮೃದುತ್ವದ ನಿಜವಾದ ಬೆಲೆ ತಿಳಿಯುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಡೆದ ಎರಡು ಘಟನೆಗಳು ಈ ಪಾತ್ರದ ಸ್ವರೂಪವನ್ನು ಬದಲಾಯಿಸಿದುವು. ಹರ್ಡೇಕರ ಮಂಜಪ್ಪನವರ ಪ್ರಯತ್ನದಿಂದ ೧೯೧೩ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆ ಮೊದಲಾಯಿತು. ಅದು ಊರೂರಿಗೆ ಹಬ್ಬಿದಂತೆ ಬಸವಣ್ಣನವರ ಜೀವನವನ್ನು ಭಾಷಣ, ಕೀರ್ತನ, ನಾಟಕಗಳಲ್ಲಿ ನಿರೂಪಿಸುವ ಸಂದರ್ಭವೊಂದು ವರ್ಷವರ್ಷವೂ ಒದಗತೊಡಗಿತು. ಮತ್ತೊಂದೆಡೆ ಧಾರವಾಡದಲ್ಲಿ ಜನಿಸಿ ವಿಜಾಪುರವನ್ನು ಕರ್ಮಭೂಮಿಯಾಗಿ ಮಾಡಿಕೊಂಡ ಫ. ಗು. ಹಳಕಟ್ಟಿಯವರು ತಾಡವೋಲೆಗಳನ್ನು ಸಂಗ್ರಹಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಬೆಳಕಿಗೆ ತಂದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಅದುವರೆಗೆ ಮಠಗಳ ಕಟ್ಟುಗಳಲ್ಲಿ ಅಡಗಿದ್ದ ವಚನಗಳು ಸಾಮಾನ್ಯ ಓದುಗನ ಕೈಸೇರಿದುವು. ಇದರ ಪರಿಣಾಮ ರಂಗಭೂಮಿಯ ಮೇಲೂ ಆಯಿತು. ಪುರಾಣದ ಬಸವಣ್ಣನವರು ಪವಾಡಪುರುಷರು. ವಚನಗಳ ಬಸವಣ್ಣನವರಾದರೋ ತಮ್ಮ ಮನಸ್ಸನ್ನು ತಾವೇ ತಪಾಸಣೆಗೆ ಒಳಪಡಿಸಿಕೊಳ್ಳುವ, ತಮ್ಮ ಕೊರತೆಯನ್ನು ಒಪ್ಪಿಕೊಳ್ಳುವ, ಶರಣರೆದುರು ತಮ್ಮನ್ನು ಕಿರಿಯರೆಂದು ಭಾವಿಸುವ, ಒಮ್ಮೊಮ್ಮೆ ಸಮಾಜದ ಕಪಟವನ್ನು ಕಂಡು ಕಿಡಿಯಾಗುವ ಸಂವೇದನಶೀಲ ಮಾನವರು. ನಾಟಕಕಾರನಿಗೆ ಬೇಕಾಗಿದ್ದ ಅಂತರಂಗವು ಈಗ ಬಸವಣ್ಣನವರ ನುಡಿಗಳಲ್ಲಿಯೇ ದೊರೆಯಿತು.

ಇದೇ ಕಾಲದಲ್ಲಿ ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳು ಬೆಳೆದು ನಿಂತುವು. ಹುಬ್ಬಳ್ಳಿ ಧಾರವಾಡ ಬೆಳಗಾವಿಗಳಲ್ಲಿ ಮರಾಠಿ ಮಂಡಳಿಗಳ ಪ್ರಾಬಲ್ಯವಿದ್ದಾಗ, ಗದಗು, ಶಿರಹಟ್ಟಿ, ಕೊಣ್ಣೂರುಗಳ ಹೆಸರು ಹೊತ್ತ ಕಂಪನಿಗಳು ಕನ್ನಡ ನಾಟಕಕ್ಕೆ ಎಡೆ ಮಾಡಿಕೊಟ್ಟುವು. ಕೊಣ್ಣೂರು ಕಂಪನಿಯ ಶಿವಮೂರ್ತಿಸ್ವಾಮಿ ಕಣಬರಗಿಮಠರು, ಶಿರಹಟ್ಟಿಯ ವೆಂಕೋಬರಾಯರು, ಗದಗಿನ ಗರುಡ ಸದಾಶಿವರಾಯರು ಈ ಸಾಹಸದ ಧುರೀಣರು. ಸಂಶಿಗೆ ನೆರೆಯೂರಾದ ಗುಡಗೇರಿಯೂ ಮುಂದೆ ಎನ್. ಬಸವರಾಜರ ಮೂಲಕ ವೃತ್ತಿರಂಗಭೂಮಿಯ ಚರಿತ್ರೆಯಲ್ಲಿ ತನ್ನ ಹೆಸರನ್ನು ಸೇರಿಸಿತು.

ಈ ಪರಂಪರೆಯಲ್ಲಿ ಬಸವಣ್ಣನವರ ಪಾತ್ರದೊಡನೆ ಅಳಿಸಲಾಗದಂತೆ ಬೆರೆತ ಹೆಸರು ಏಣಗಿ ಬಾಳಪ್ಪನವರದು. ಸವದತ್ತಿ ತಾಲ್ಲೂಕಿನ ಏಣಗಿಯ ಒಕ್ಕಲು ಮನೆತನದಲ್ಲಿ ೧೯೧೪ರಲ್ಲಿ ಜನಿಸಿದ ಬಾಳಪ್ಪನವರು ಬಾಲ್ಯದಲ್ಲಿಯೇ ಬಣ್ಣ ಹಚ್ಚಿದರು. ತಾರುಣ್ಯದಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾದರು. ಬಳಿಕ ಕಲಾವೈಭವ ನಾಟ್ಯಸಂಘವನ್ನು ಕಟ್ಟಿ ದೀರ್ಘಕಾಲ ಅದರ ಒಡೆಯರೂ ಮುಖ್ಯನಟರೂ ಆಗಿ ದುಡಿದರು. ಆ ಸಂಘದ 'ಜಗಜ್ಯೋತಿ ಬಸವೇಶ್ವರ' ನಾಟಕದಲ್ಲಿ ಅವರು ಧರಿಸಿದ ಬಸವಣ್ಣನವರ ಪಾತ್ರವು ನಾಡಿನ ಸ್ಮೃತಿಯಲ್ಲಿ ನೆಲೆನಿಂತಿತು. ನೂರು ವರ್ಷಗಳನ್ನು ದಾಟಿ ಬಾಳಿ ೨೦೧೭ರಲ್ಲಿ ಅವರು ಲಿಂಗೈಕ್ಯರಾದಾಗಲೂ ಜನ ಮೊದಲು ನೆನೆದುದು ಆ ಪಾತ್ರವನ್ನೇ.

ಬಾಳಪ್ಪನವರ ಕಲಾಜೀವನದ ಈ ಕ್ರಮವನ್ನು, ಎಂದರೆ ಸ್ತ್ರೀಪಾತ್ರದಿಂದ ಶರಣಪಾತ್ರಕ್ಕೆ ನಡೆದ ದಾರಿಯನ್ನು, ಸಾಹಿತ್ಯದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾಗಿದೆ. ಸ್ತ್ರೀಪಾತ್ರದ ಶಿಕ್ಷಣವು ನಟನಿಗೆ ಕಲಿಸುವ ವಿದ್ಯೆ ಸಾಮಾನ್ಯವಾದುದಲ್ಲ. ಅಡಿ ಅಳೆದಿಡುವುದು, ದೃಷ್ಟಿಯನ್ನು ತಗ್ಗಿಸಿಯೂ ಎದುರಾಳಿಯನ್ನು ಹಿಡಿದು ನಿಲ್ಲಿಸುವುದು, ಕೈಬೀಸದೆ ಭಾವವನ್ನು ಮುಟ್ಟಿಸುವುದು, ಮಾತು ಮುಗಿದಲ್ಲಿ ಹಾಡನ್ನು ಎತ್ತಿಕೊಳ್ಳುವುದು ಇವೆಲ್ಲ ಅಲ್ಲಿ ಕರಗತವಾಗುತ್ತವೆ. ಮುಂದೆ ಬಿಜ್ಜಳನ ಆಸ್ಥಾನದಲ್ಲಿ ನಿಲ್ಲಬೇಕಾದ ಭಕ್ತಿಭಂಡಾರಿಯ ಪಾತ್ರಕ್ಕೆ ಇವೇ ಆಧಾರವಾದುವು. ಬಿಜ್ಜಳನ ಪಾತ್ರಧಾರಿಗೆ ಮೀಸೆಯೂ ಖಡ್ಗವೂ ಗಡಸು ಕಂಠವೂ ಉಂಟು. ಮಂತ್ರಿಗಳಿಗೆ ಕುಹಕದ ಮಾತುಂಟು. ಶರಣನಿಗಿರುವುದು ವಿಭೂತಿ, ರುದ್ರಾಕ್ಷಿ, ವಚನ. ಆ ವಚನವನ್ನು ಗಾಯನವಾಗಿ ಎತ್ತಿದ ಕ್ಷಣದಲ್ಲಿ ಆಸ್ಥಾನದ ಆರ್ಭಟವೆಲ್ಲ ಬರಿಯ ಸದ್ದಾಗಿ ಕಾಣಬೇಕು. ಗಾಯಕನಟರ ಪರಂಪರೆ ಇಲ್ಲದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಪಾತ್ರಧಾರಿಯಲ್ಲಿ ಪಾತ್ರವನ್ನೇ ಕಂಡು ಕೈಮುಗಿಯುವ ಹಳ್ಳಿಯ ಪ್ರೇಕ್ಷಕರ ಮುಗ್ಧಭಕ್ತಿಯೂ ಇದಕ್ಕೆ ನೀರೆರೆಯಿತು.

ಅದೇ ೧೯೧೪ರಲ್ಲಿ ಜನಿಸಿದ ಮತ್ತೊಬ್ಬ ಮಹನೀಯರನ್ನೂ ಇಲ್ಲಿ ಸ್ಮರಿಸಬೇಕು. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (೧೮೯೨-೧೯೪೪) ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಸಂಗೀತವಿದ್ಯೆಯನ್ನು ಧಾರೆಯೆರೆದರು. ಆಶ್ರಮದ ಮಕ್ಕಳ ಪ್ರಸಾದಕ್ಕೆ ದಾರಿ ಮಾಡಲು ನಾಟ್ಯಸಂಘವೂ ಹುಟ್ಟಿಕೊಂಡಿತು. ಅವರ ಉತ್ತರಾಧಿಕಾರಿಗಳಾದ ಪುಟ್ಟರಾಜ ಗವಾಯಿಗಳು (೧೯೧೪-೨೦೧೦) ಸ್ವತಃ ನಾಟಕಗಳನ್ನು ರಚಿಸಿ ಆ ಸಂಘವನ್ನು ನಡೆಸಿದರು. ಕಣ್ಣಿಲ್ಲದ ಸಾಧಕರು, ಗುತ್ತಿಗೆದಾರರ ಲೆಕ್ಕಾಚಾರವೂ ಊರೂರಿನ ಅಲೆದಾಟವೂ ತುಂಬಿದ ಕಂಪನಿ ಲೋಕದಲ್ಲಿ ನಿಂತು, ಬಂದ ಹಣವನ್ನು ಮಕ್ಕಳ ಅನ್ನಕ್ಕೂ ವಿದ್ಯೆಗೂ ವಿನಿಯೋಗಿಸಿದರು. ಕಲ್ಯಾಣದಲ್ಲಿ ಕಾಯಕವೂ ದಾಸೋಹವೂ ಕೂಡಿ ನಡೆದಂತೆ ಇಲ್ಲಿ ನಾಟಕವೇ ಕಾಯಕವಾಗಿ, ಅದರ ಫಲ ದಾಸೋಹವಾಯಿತು.

ರಂಗಭೂಮಿಯ ಈ ಪಾಠವನ್ನು ಚಲನಚಿತ್ರವೂ ಸ್ವೀಕರಿಸಿತು. ಟಿ. ವಿ. ಸಿಂಗ್ ಠಾಕೂರರ ನಿರ್ದೇಶನದಲ್ಲಿ ೧೯೫೯ರಲ್ಲಿ ತೆರೆಕಂಡ 'ಜಗಜ್ಯೋತಿ ಬಸವೇಶ್ವರ' ಚಿತ್ರದಲ್ಲಿ ಬಸವಣ್ಣನವರ ಪಾತ್ರ ವಹಿಸಿದವರು ಗಾಯಕನಟರೆಂದು ಪ್ರಸಿದ್ಧರಾದ ಹೊನ್ನಪ್ಪ ಭಾಗವತರು, ಬಿಜ್ಜಳನಾದವರು ರಾಜಕುಮಾರರು. ಹಾಡುವವನಿಗೆ ಶರಣನ ಪಾತ್ರ, ಗಂಭೀರ ಕಂಠದ ನಟನಿಗೆ ದೊರೆಯ ಪಾತ್ರ ಎಂಬ ಈ ಹಂಚಿಕೆ ವೃತ್ತಿರಂಗಭೂಮಿಯು ಕಂಡುಕೊಂಡಿದ್ದ ಸೂತ್ರದ ಮುಂದುವರಿಕೆಯೇ ಆಗಿದೆ.

ಆದರೆ ಗಾಯನದ ಆಸರೆ ಇಲ್ಲದ ಗದ್ಯನಾಟಕದಲ್ಲಿ ಈ ಪಾತ್ರದ ಗತಿಯೇನು? ೧೯೭೦ರ ದಶಕದಿಂದ ಈಚೆಗೆ ಬಂದ ನಾಟಕಗಳು ಈ ಸವಾಲನ್ನು ಎದುರಿಸಿದುವು. ಪಿ. ಲಂಕೇಶರ 'ಸಂಕ್ರಾಂತಿ' (೧೯೭೧) ಮೊದಲ ದಿಟ್ಟ ಪ್ರಯತ್ನ. ಅಲ್ಲಿ ಹಟ್ಟಿಯ ತರುಣ ರುದ್ರನು ಶರಣಧರ್ಮವನ್ನು ಸ್ವೀಕರಿಸಿ ಸಾತ್ವಿಕನಾಗುತ್ತಾನೆ. ಅವನನ್ನು ಒಲಿದ ಬ್ರಾಹ್ಮಣಕನ್ಯೆ ಉಷೆಗೆ ಅವನ ಹಿಂದಿನ ಒರಟುತನವೇ ಪ್ರಿಯವಾಗಿತ್ತು. ಕಲಿತ ಮಾತನ್ನಾಡುವ ಹೊಸ ರುದ್ರ ಅವಳಿಗೆ ಅಪರಿಚಿತನಾಗುತ್ತಾನೆ. ಹಟ್ಟಿಯ ಹಿರಿಯ ಉಜ್ಜನಿಗೂ ಈ ಮಾರ್ಪಾಡು ಸಮ್ಮತವಲ್ಲ. ಮೃದುತ್ವವು ಒಳಗಿನಿಂದ ಹುಟ್ಟಬೇಕೇ, ಬೋಧೆಯಿಂದ ಬರಬಲ್ಲುದೇ ಎಂಬ ಕಠಿಣ ಪ್ರಶ್ನೆಯನ್ನು ಈ ನಾಟಕ ಎತ್ತುತ್ತದೆ. ಇದರ ದೃಷ್ಟಿಯನ್ನು ಒಪ್ಪದ ಭಕ್ತರುಂಟು. ಆದರೂ ಪ್ರಶ್ನೆ ಅಸಾಧುವಾದುದಲ್ಲ. ಆಚಾರವನ್ನು ಹೊರಗಿನಿಂದ ತೊಟ್ಟುಕೊಳ್ಳುವವರ ವಿಷಯದಲ್ಲಿ ಬಸವಾದಿ ಪ್ರಮಥರೇ ಕಟುವಾಗಿ ನುಡಿದಿರುವುದನ್ನು ನೆನೆದರೆ, ಈ ಶಂಕೆಗೆ ವಚನಗಳಲ್ಲಿಯೇ ಮೂಲವಿದೆಯೆಂಬುದು ಹೊಳೆಯುತ್ತದೆ. ಎಚ್. ಎಸ್. ಶಿವಪ್ರಕಾಶರ 'ಮಹಾಚೈತ್ರ' (೧೯೮೬) ಕಲ್ಯಾಣವನ್ನು ದುಡಿಯುವ ಜನರ ಕಡೆಯಿಂದ ನೋಡಿತು; ಅದೂ ಮುಂದೆ ವಾದವಿವಾದಗಳಿಗೆ ಎಡೆಯಾಯಿತು. ವಚನಸಂಶೋಧನೆಗೆ ಬಾಳನ್ನು ಮುಡಿಪಿಟ್ಟ ಎಂ. ಎಂ. ಕಲಬುರ್ಗಿಯವರೂ 'ಕೆಟ್ಟಿತ್ತು ಕಲ್ಯಾಣ'ವೆಂಬ ನಾಟಕವನ್ನು ಬರೆದುದು, ಸಂಶೋಧಕನ ಮನಸ್ಸನ್ನೂ ಈ ಕಥೆ ಹೇಗೆ ಕಾಡಿತೆಂಬುದಕ್ಕೆ ಸಾಕ್ಷಿಯಾಗಿದೆ.

ಧಾರವಾಡದಲ್ಲಿ ಶಿಕ್ಷಣ ಪಡೆದು ಆ ಊರಿನ ಮನೋಹರ ಗ್ರಂಥಮಾಲೆಯ ಮೂಲಕ ಕನ್ನಡಕ್ಕೆ ಪರಿಚಿತರಾದ ಗಿರೀಶ ಕಾರ್ನಾಡರ 'ತಲೆದಂಡ' (೧೯೯೦) ಈ ಸಾಲಿನಲ್ಲಿ ಅತ್ಯಂತ ಸಂಕೀರ್ಣವಾದ ಕೃತಿ. ೧೯೯೪ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾದ ಈ ನಾಟಕವು 'ರಕ್ತ ಕಲ್ಯಾಣ'ವೆಂಬ ಹೆಸರಿನಿಂದ ಹಿಂದಿಗೆ ಹೋಗಿ, ಇಬ್ರಾಹಿಂ ಅಲ್ಕಾಜಿಯವರ ನಿರ್ದೇಶನದಲ್ಲಿ ದೆಹಲಿಯ ರಂಗವನ್ನೂ ಏರಿತು. ಇಲ್ಲಿಯ ಬಿಜ್ಜಳನು ಹಳೆಯ ಕಂಪನಿ ನಾಟಕಗಳ ಖಳನಲ್ಲ. ಅವನ ಬಾಯಿ ಒರಟು, ನಡೆ ಒರಟು. ಆದರೆ ತನ್ನನ್ನು ಹುಟ್ಟಿನಿಂದ ಅಳೆಯದೆ ಮನುಷ್ಯನೆಂದು ಕಂಡವರು ಬಸವಣ್ಣನವರೆಂಬ ಕೃತಜ್ಞತೆ ಅವನ ಎದೆಯಲ್ಲಿದೆ. ತಂದೆಯ ತಿರಸ್ಕಾರವನ್ನುಂಡು ಬೆಳೆದ ಸೋವಿದೇವನೇ ಹೆಚ್ಚು ಅಪಾಯಕಾರಿ. ನಾಟಕದ ಆರಂಭದಲ್ಲಿ ಮಲ್ಲಿಬೊಮ್ಮನು ಗೆಳೆಯ ಜಗದೇವನ ಬ್ರಾಹ್ಮಣ ಮನೆಯ ಹೊಸ್ತಿಲನ್ನು ದಾಟಲು ಹಿಂಜರಿಯುತ್ತಾನೆ. ಜಗದೇವನು ಹಟ ಹಿಡಿದು ಒಳಗೆ ಕರೆಯುತ್ತಾನೆ. ಸಮಾನತೆಯ ತತ್ತ್ವವನ್ನು ಸಾರುವವನ ಒತ್ತಾಯಕ್ಕೂ, ಅದರ ಪರಿಣಾಮವನ್ನು ಉಣ್ಣಬೇಕಾದವನ ಅಂಜಿಕೆಗೂ ನಡುವಣ ಅಂತರವು ಈ ಚಿಕ್ಕ ಪ್ರಸಂಗದಲ್ಲಿ ಬಯಲಾಗುತ್ತದೆ. ಉತ್ಸಾಹದ ಒಳಗೂ ಒಂದು ಬಗೆಯ ಒರಟುತನವಿರಬಲ್ಲುದೆಂಬ ಸೂಚನೆ ಮೊದಲ ದೃಶ್ಯದಲ್ಲಿಯೇ ಇದೆ.

ಹರಳಯ್ಯನ ಮಗ ಶೀಲವಂತನಿಗೂ ಮಧುವರಸನ ಮಗಳು ಕಲಾವತಿಗೂ ವಿವಾಹ ನಿಶ್ಚಯವಾದಾಗ ಶರಣಸಮೂಹ ಹಿಗ್ಗುತ್ತದೆ. ಈ ಸಂಬಂಧವನ್ನು ತತ್ತ್ವತಃ ಎಲ್ಲರಿಗಿಂತ ಹೆಚ್ಚಾಗಿ ಬಯಸಬೇಕಾದ ಬಸವಣ್ಣನವರು ಆಗ ತಡೆದು ನಿಲ್ಲುತ್ತಾರೆ. ಎರಡು ಎಳೆಯ ಜೀವಗಳ ಮೇಲೆ ಎಂತಹ ಸಿಡಿಲು ಎರಗಬಹುದೆಂಬುದು ಅವರಿಗೆ ಕಾಣುತ್ತಿದೆ. ಕೊನೆಗೆ ಅವರು ಒಪ್ಪುತ್ತಾರೆ, ಮದುವೆ ನಡೆಯುತ್ತದೆ, ಅವರು ಅಂಜಿದುದೆಲ್ಲ ಸಂಭವಿಸುತ್ತದೆ. ಹರಳಯ್ಯ ಮಧುವರಸರು ಬಲಿಯಾಗುತ್ತಾರೆ. ಸೋವಿದೇವನು ತಂದೆಯನ್ನು ಸೆರೆಯಲ್ಲಿಟ್ಟು ಅಧಿಕಾರವನ್ನು ಕಸಿದುಕೊಳ್ಳುತ್ತಾನೆ. ಜಗದೇವನ ಕೈಯಿಂದ ಬಿಜ್ಜಳನ ಕೊಲೆ ನಡೆಯುತ್ತದೆ. ಮೃದುಹೃದಯಿಯ ಸುತ್ತ ಒರಟರು ನೆರೆದಿರುವ ಚಿತ್ರ ಹಳೆಯ ನಾಟಕಗಳಲ್ಲಿಯೂ ಇತ್ತು. ಅಲ್ಲಿ ಒರಟರೆಲ್ಲ ಎದುರು ಪಕ್ಷದವರು. 'ತಲೆದಂಡ'ದಲ್ಲಿ ಆ ಗೆರೆ ಅಳಿಸಿಹೋಗಿದೆ. ದಯೆಯನ್ನು ಕಲಿಯಲೆಂದು ಬಂದ ತರುಣರಲ್ಲಿಯೇ ಕೆಲವರು ಕತ್ತಿ ಹಿಡಿಯುತ್ತಾರೆ. ಹಗೆಯ ಹಿಂಸೆಗಿಂತ ತನ್ನವರ ಹಿಂಸೆ ಬಸವಣ್ಣನವರನ್ನು ಆಳವಾಗಿ ಗಾಯಗೊಳಿಸುತ್ತದೆ. ಈ ಗಾಯವೇ ನಾಟಕದ ಕೇಂದ್ರ.

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕಾಗುತ್ತದೆ. ಹಿಂಜರಿಯುವ, ನೋಯುವ, ಕೊನೆಗೆ ಕಲ್ಯಾಣವನ್ನು ಬಿಟ್ಟು ಹೊರಡುವ ಬಸವಣ್ಣನವರು ದುರ್ಬಲರಾಗಿ ಕಾಣುವುದಿಲ್ಲವೇ? ಭಕ್ತಿಭಾವದ ಪ್ರೇಕ್ಷಕರಿಗೆ ಈ ಚಿತ್ರ ಕಸಿವಿಸಿಯನ್ನುಂಟುಮಾಡಿದುದು ಸಹಜವೇ. ಆದರೆ ದೌರ್ಬಲ್ಯಕ್ಕೂ ಮೃದುತ್ವಕ್ಕೂ ಇರುವ ಭೇದವನ್ನು ಮರೆಯಬಾರದು. ದುರ್ಬಲನು ತನಗೆ ಒದಗಬಹುದಾದ ಕೇಡಿಗೆ ಅಂಜುತ್ತಾನೆ. ಮೃದುಹೃದಯಿ ಇತರರಿಗೆ ಒದಗಬಹುದಾದ ಕೇಡಿಗೆ ಅಂಜುತ್ತಾನೆ. ಬಿಜ್ಜಳನ ಆಸ್ಥಾನದಲ್ಲಿ ಅಧಿಕಾರ ಪದವಿಗಳನ್ನು ತೃಣಸಮಾನವಾಗಿ ಕಂಡವರಿಗೆ ಸ್ವಂತದ ಭಯವಿರಲು ಸಾಧ್ಯವಿಲ್ಲ. ಅವರ ಹಿಂಜರಿಕೆಯೆಲ್ಲ ಹರಳಯ್ಯನ ಮನೆಯ ದೀಪಕ್ಕಾಗಿ, ಮಧುವರಸನ ಮಗಳ ಕುಂಕುಮಕ್ಕಾಗಿ. ಬಯಲಿನಲ್ಲಿ ನಿಂತು ತೊಡೆ ತಟ್ಟುವುದಕ್ಕಿಂತ ಇಂತಹ ಅಂಜಿಕೆಯನ್ನು ಎದೆಯಲ್ಲಿ ಹೊತ್ತು, ಆದರೂ ತತ್ತ್ವದಿಂದ ಕದಲದೆ ನಿಲ್ಲುವುದಕ್ಕೆ ಹೆಚ್ಚಿನ ಧೈರ್ಯ ಬೇಕಾಗುತ್ತದೆ. ಹೀಗೆ ನೋಡಿದಾಗ ಆಧುನಿಕ ನಾಟಕಗಳು ಬಸವಣ್ಣನವರನ್ನು ಕಿರಿದುಗೊಳಿಸಿವೆಯೆಂಬ ಮಾತು ಪೂರ್ಣವಾಗಿ ನಿಲ್ಲುವುದಿಲ್ಲ. ಪವಾಡದ ಕವಚವನ್ನು ಕಳಚಿ, ಬರಿಯ ದಯೆಯೊಡನೆ ಆ ಮಹಾಪುರುಷರನ್ನು ಖಡ್ಗಗಳ ನಡುವೆ ನಿಲ್ಲಿಸಿ, ಆ ದಯೆಯ ತೂಕವನ್ನು ಅವು ತೋರಿಸಿಕೊಟ್ಟಿವೆ.

ಮಠಗಳ ಆಶ್ರಯದಲ್ಲಿ ಬೆಳೆದ ರಂಗಭೂಮಿಯೂ ಈ ವಿಷಯದಲ್ಲಿ ಹಿಂದುಳಿಯಲಿಲ್ಲ. ಸಿರಿಗೆರೆಯ ತರಳಬಾಳು ಜಗದ್ಗುರು ಶಿವಕುಮಾರ ಶಿವಾಚಾರ್ಯರು 'ಮರಣವೇ ಮಹಾನವಮಿ' ಮೊದಲಾದ ನಾಟಕಗಳನ್ನು ಸ್ವತಃ ರಚಿಸಿ, ಕಲಾತಂಡದ ಮೂಲಕ ಜನರ ಬಳಿಗೆ ಒಯ್ದರು. ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯರು ೧೯೮೭ರಲ್ಲಿ ಸ್ಥಾಪಿಸಿದ ಶಿವಕುಮಾರ ಕಲಾಸಂಘವೂ, ೧೯೯೭ರಿಂದ ಊರೂರಿಗೆ ನಾಟಕಗಳನ್ನು ಒಯ್ಯುತ್ತಿರುವ ಶಿವಸಂಚಾರವೂ ಅದೇ ಪರಂಪರೆಯ ಕವಲುಗಳು. ಪೀಠದ ಮೇಲಿನ ಉಪದೇಶವು ಹೇಳಲಾರದ ಎಷ್ಟೋ ಸೂಕ್ಷ್ಮಗಳನ್ನು ರಂಗದ ಮೇಲಿನ ಒಂದು ಮೌನ ಹೇಳಬಲ್ಲುದೆಂಬುದನ್ನು ಆ ಗುರುಗಳು ಅರಿತಿದ್ದರು.

ಕಲ್ಯಾಣದಿಂದ ಚದುರಿದ ಶರಣರಲ್ಲಿ ಚೆನ್ನಬಸವಣ್ಣನವರೊಡನೆ ಹೊರಟ ಸಮೂಹವು ಧಾರವಾಡ ಬೆಳಗಾವಿಗಳ ಸೀಮೆಯನ್ನು ಹಾಯ್ದು ಉಳವಿಯನ್ನು ಸೇರಿತೆಂಬುದು ಪರಂಪರೆಯ ನಂಬಿಕೆ. ಭಾರತ ಹುಣ್ಣಿಮೆಯ ಜಾತ್ರೆಗೆ ಈ ಸೀಮೆಯ ರೈತರು ಚಕ್ಕಡಿ ಹೂಡಿಕೊಂಡು, ಎತ್ತುಗಳ ಕೊರಳ ಗೆಜ್ಜೆಯ ದನಿಯೊಡನೆ ಉಳವಿಯ ಕಾಡುದಾರಿಯನ್ನು ಹಿಡಿಯುವ ರೂಢಿ ಆ ಸ್ಮೃತಿಯನ್ನು ಹಸಿರಾಗಿಟ್ಟಿದೆ. ಆದುದರಿಂದ ಕಲ್ಯಾಣದ ನಾಟಕವು ಈ ಭಾಗದ ಹಳ್ಳಿಗಳಿಗೆ ದೂರದ ರಾಜಧಾನಿಯ ಕಥೆಯಾಗಿ ಉಳಿದಿಲ್ಲ. ಅದು ತಮ್ಮ ಹೊಲದ ಬದುವಿನ ಮೇಲೆ ಹಾದುಹೋದ ಸಂಗತಿ. ಅರಮನೆ ಅಳಿಯಿತು, ಕತ್ತಿ ಹಿಡಿದವರ ಹೆಸರುಗಳು ಶಾಸನಗಳ ಸಾಲುಗಳಲ್ಲಿ ಉಳಿದುವು. ಬಂಡಿಯ ಹಾದಿಯಲ್ಲಿ ಮಾತ್ರ ಇನ್ನೂ ಕೇಳಿಬರುವುದು ಹಾಡು.

ಬಸವಣ್ಣನವರ ಪಾತ್ರದ ರಂಗಚರಿತ್ರೆಯಿಂದ ಹೊರಡುವ ನಿರ್ಣಯವಿಷ್ಟು. ಕನ್ನಡ ರಂಗಭೂಮಿಯು ಮೆಲ್ದನಿಯನ್ನು ಮೊದಲು ಸ್ತ್ರೀವೇಷದಲ್ಲಿ ಕಾಪಾಡಿತು; ಬಳಿಕ ಶರಣನ ಗಾಯನದಲ್ಲಿ ಅದಕ್ಕೆ ಗೌರವವನ್ನು ತಂದುಕೊಟ್ಟಿತು; ಕೊನೆಗೆ ಹಾಡಿನ ಆಸರೆಯನ್ನೂ ತೆಗೆದು, ಬರಿಯ ಮನುಷ್ಯನ ಎದೆಯಲ್ಲಿ ಅದು ಉಳಿಯಬಲ್ಲುದೇ ಎಂದು ಪರೀಕ್ಷಿಸಿತು. ಮೂರು ಹಂತಗಳಲ್ಲಿಯೂ ಎದುರಿಗಿದ್ದವರು ಒರಟರೇ. ಮೂರರಲ್ಲಿಯೂ ತೆರೆ ಬಿದ್ದ ಮೇಲೆ ಪ್ರೇಕ್ಷಕನು ಮನೆಗೆ ಕೊಂಡೊಯ್ದುದು ಮೆಲ್ದನಿಯನ್ನೇ. ಊರ ಜಾತ್ರೆಯ ರಂಗದ ಮೇಲೆ ವಿಭೂತಿ ಧರಿಸಿ ನಿಲ್ಲುವ ಹೊಸ ಪಾತ್ರಧಾರಿಯು ಇದನ್ನು ನೆನಪಿಟ್ಟುಕೊಂಡರೆ, ಬಿಜ್ಜಳನ ಪಾತ್ರಧಾರಿಯೊಡನೆ ಕಂಠದಲ್ಲಿ ಪಂಥಕ್ಕೆ ಬೀಳಬೇಕಾದ ಅಗತ್ಯವೇ ಅವನಿಗೆ ತೋರದು.